ಕಳಲೆಯ ಕಟ್ಟು

"ಕಸ್ತೂರಕ್ಕ, ನಮ್ಮ ಮನ್ಯಾಗ ಯಾರಿಗೋ ನಾನು ಬ್ಯಾಡಾಗೀನಿ," ಎಂದಳು ನೆರೆಮನೆಯ ಸೊಸೆ ಮನೀಷಾ, ಬಾಗಿಲಲ್ಲೇ ನಿಂತು.

ಎಸ್‌ಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತಳಾದ ಕಸ್ತೂರಬಾಯಿ ಕರಜಗಿಯ ಪತ್ತೇದಾರಳು. ಟಿಕೆಟ್ ತೆಗೆಸದವನನ್ನು ಅವನ ಮೌನದಿಂದಲೇ ಹಿಡಿಯುತ್ತಿದ್ದವಳು. ಅವಳು ಎದ್ದಳೆಂದರೆ ಗೆಳತಿ ಸೋನಾಬಾಯಿಯೂ ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು ಹಿಂದೆಯೇ.

ಖಾನಾಪುರದ ಕಾಡಂಚಿನಿಂದ ಬಂದ ಮನೀಷಾ ಹೊಲದ ಬದುವಿನ ಬಿದಿರಿನಲ್ಲಿ ಎಳೆ ಕಳಲೆ ಕಂಡು ಕುಣಿದಿದ್ದಳು. ನಾಡಿದ್ದು ತವರಿನವರು ಬರುವವರಿದ್ದರು. ತಾನಿಲ್ಲಿ ಸುಖವಾಗಿದ್ದೇನೆಂದು ಆ ಒಂದು ಪಲ್ಯದಲ್ಲೇ ಅವರಿಗೆ ಹೇಳಬೇಕಿತ್ತು. ಕಳಲೆ ಹೆಚ್ಚಿ ನೆನೆಹಾಕಿ, ದಿನಾ ನೀರು ಬದಲಿಸಿದರೂ ಕಹಿ ಹೋಗಿರಲಿಲ್ಲ.

"ಆ ಕಹಿ ಹೊಟ್ಟಿಗೆ ವಿಷರಿ. ನಾಲಿಗಿ ತುದಿಗೆ ಇಟ್ಟು ಉಗುಳಿದೆ. ಯಾರೋ ಬೇಕಂತs ಕೆಡಸಾಕತ್ತಾರ," ಎಂದಳು ಮನೀಷಾ.

ಮನೀಷಾಳ ಮನೆಯಲ್ಲಿ ಮಾವ ಅಮೃತಪ್ಪ ಗೆಳತಿಯರಿಬ್ಬರನ್ನೂ ಎದುರುಗೊಂಡ. "ಬರ್ರಿ, ಬ್ಯಾಳಿ ಕಟ್ಟಿನ ಸಾರು ಐತಿ. ನಾನs ಮಾಡೀನಿ."

"ಬಿದಿರು ತಿನ್ನೋ ಸೊಸಿ ಬಂದಾಳ. ಇನ್ನ ಏಣಿ, ಬುಟ್ಟಿ ಅಡಗಿಸಿಡಬೇಕು," ಎಂದಳು ಅತ್ತೆ ನೀಲಾಬಾಯಿ. ಯಾರೂ ನಗಲಿಲ್ಲ.

ಕಳಲೆ ನೆನೆಹಾಕಿದ ಗಡಿಗೆಯ ನೀರು ಹಳದಿಯಾಗಿ ಹುಳಿವಾಸನೆ ಹೊಡೆಯುತ್ತಿತ್ತು.

"ಹಳೇ ನೀರು ಏನು ಮಾಡ್ತಿ?" ಕಸ್ತೂರಬಾಯಿ ಕೇಳಿದಳು.

"ಬಕೀಟಿನ್ಯಾಗ ಇಟ್ಟು, ಜಳಕಾ ಮಾಡಿ ಬಂದು ಕರಿಬೇವಿಗೆ ಹಾಕ್ತೀನಿ."

ಕಸ್ತೂರಬಾಯಿ ಕರಿಬೇವಿನ ಬುಡದ ಹಸಿಮಣ್ಣು ಮೂಸಿ ಸೋನಾಬಾಯಿಗೂ ಕೊಟ್ಟಳು. ಬರೀ ಮಣ್ಣಿನ ವಾಸನೆ. ಅಡುಗೆಮನೆಯ ಮೊಳೆಗೆ ಒಂದು ತೆಳುಬಟ್ಟೆ, ಇನ್ನೂ ಒದ್ದೆ, ಹಳದಿ ಕಲೆ, ನೀಟಾಗಿ ಮಡಚಿದ್ದು.

ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದಳು.

"ಹೊಟ್ಟಿಕಿಚ್ಚು ಇದ್ದವರು ಕಳಲಿ ತಿಪ್ಪಿಗೆ ಒಗೀತಿದ್ರು. ಇಲ್ಲಿ ಮನೀಷಾ ಜಳಕಕ್ಕ ಹೋದಾಗ ಯಾರೋ ಹಳೇ ನೀರು ಸೋಸಿ ತಿರಗಿ ಗಡಿಗ್ಯಾಗ ಹಾಕ್ಯಾರ. ಹೊಸಾ ನೀರು ಬಕೀಟಿಗೆ. ಅದಕ್ಕs ಮಣ್ಣಿಗೆ ವಾಸನಿ ಇಲ್ಲ. ಬ್ಯಾಳಿ ಬಸಿದ ಕಟ್ಟು ಚೆಲ್ಲಿದ್ರ ಪಾಪ ಅನ್ನೋ ಕೈ ಇದು. ಈ ಮನ್ಯಾಗ ಕಟ್ಟು ಸೋಸೋರು ಯಾರು?"

ನೀಲಾಬಾಯಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

ಅಮೃತಪ್ಪ ತನ್ನ ಕಾಲ್ಬೆರಳು ನೋಡಿಕೊಂಡ. "ಪೋರಿ ದಿನಾ ರುಚಿ ಎಲ್ಲಾ ಚೆಲ್ಲಾಕತ್ತಿತ್ತು. ತವರಿನವ್ರ ಮುಂದ ಪಲ್ಯಾ ಸಪ್ಪಗಾದೀತು ಅಂತ..."

"ಬಾಯಿಬಿಟ್ಟು ಹೇಳಬೇಕಿಲ್ಲೇನು?" ಎಂದಳು ನೀಲಾಬಾಯಿ.

"ಹೇಳಿದ್ರ ಸೊಸಿಗಿ ಅಡಗಿ ಬರಂಗಿಲ್ಲ ಅಂದಂಗ ಆಗ್ತಿತ್ತಲ್ಲ."

ಮೊದಲು ನಕ್ಕವಳು ಮನೀಷಾ. ಈ ಮನೆಯ ಮೌನವನ್ನು ನಾನೂ ಮುನಿಸೆಂದು ತಿಳಿದಿದ್ದೆ, ಅದು ಬರೀ ಸಂಕೋಚವಾಗಿತ್ತು ಎಂದುಕೊಂಡಳು ಸೋನಾಬಾಯಿ.

ಎರಡು ದಿನ ಹೊಸ ನೀರು, ಎರಡು ಸಲ ಕುದಿ. ಪ್ರತಿ ಸಲವೂ ಅಮೃತಪ್ಪನೇ ಬಕೀಟು ಎತ್ತಿ, ಮಗಳನ್ನು ಬೀಳ್ಕೊಡುವವನ ಮುಖ ಮಾಡಿಕೊಂಡು, ಆ ಕಟ್ಟನ್ನು ಕರಿಬೇವಿಗೆ ಸುರಿದ. ತವರಿನವರು ಬಂದ ದಿನ ಪಲ್ಯದ ಬೋಗುಣಿ ತಳ ಕಂಡಿತು. ಮೂರನೆಯ ಸಲ ಬಡಿಸಿಕೊಂಡವಳು ನೀಲಾಬಾಯಿ.

"ಏಣಿ ಎಲ್ಲಿಟ್ಟೀರಿ, ಅತ್ತಿ?" ಎಂದಳು ಮನೀಷಾ.