ಎಂ-ಸೀಲ್ ಮೆತ್ತಿದ ಹಿಡಿ

ಡೈರಿಯಲ್ಲಿ ತಾರೀಖು ಇರದಿದ್ದರೆ ಇದನ್ನು ನಾನೂ ನಂಬುತ್ತಿರಲಿಲ್ಲ.

ಭದ್ರಾವತಿಯಲ್ಲಿ ಲೇತ್ ಮಷೀನಿಗೆ ಸಿಕ್ಕಿ ಅಣ್ಣ ಜಮ್ಶೀದನ ಬಲಗೈ ಉಂಗುರದ ಬೆರಳು ಹೋಗಿತ್ತು. ಕಂಪ್ಯೂಟರ್ ಗೇಮಿನ ಕಂಟ್ರೋಲರ್ ಜಾರದಿರಲೆಂದು, ಅದರ ಹಿಡಿಯಲ್ಲಿ ಆ ಬೆರಳು ಕೂರಬೇಕಿದ್ದ ಜಾಗಕ್ಕೆ ಎಂ-ಸೀಲ್ ಅಂಟು ಮೆತ್ತಿ ಉಬ್ಬು ಮಾಡಿಕೊಂಡಿದ್ದ. ಐದು ಬೆರಳಿದ್ದವರಿಗೆ ಅದು ಚುಚ್ಚುತ್ತಿತ್ತು. ಅವನು ತೀರಿಕೊಂಡು ವರ್ಷವಾದರೂ ಆ ಹಿಡಿ, ಆಗಷ್ಟೇ ಯಾರೋ ಕೆಳಗಿಟ್ಟ ಹಾಗೆ ಬೆಚ್ಚಗಿರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ತಮ್ಮ ಜಾಹಿದ್ ಅದನ್ನು ಹಿಡಿದು ನಕ್ಕ. "ಎಲ್ಲಿ ಚುಚ್ಚುತ್ತೆ ಆಪಾ? ನನ್ ಕೈಗೇ ಅಳತೆ ತಗೊಂಡಂಗಿದೆ."

ಸೋಮವಾರ ಆಲ್ಕೊಳದ ಗ್ಯಾರೇಜಿನಲ್ಲಿ ಫ್ಯಾನ್ ಬೆಲ್ಟಿಗೆ ಸಿಕ್ಕಿ ಅವನ ಅದೇ ಬೆರಳು ಹೋಯಿತು.

"ಆ ಹಿಡೀನ ಹೊಳೆಗೆ ಹಾಕಿ ಬಾ, ಮುಸರ್ರತ್," ಎಂದರು ಅಮ್ಮಿ.

ಇವತ್ತು ಎಸೆಯಲೆಂದೇ ಅದನ್ನು ಎತ್ತಿಕೊಂಡೆ. ಉಬ್ಬು ಇದ್ದಲ್ಲೇ ಇತ್ತು. ಚುಚ್ಚಲಿಲ್ಲ.