ನಡುಗಿದ್ದು ಯಾರ ಕೈ?

"ಕೈ ನಡುಗುವವರು ಕ್ಯಾಮೆರಾ ಹಿಡೀಬಾರದು ಮಾರಾಯ್ತಿ!"

ಶೇಖರ ಹದಿನೆಂಟು ಫೋಟೋಗಳನ್ನು ಗಾಜಿನ ಮೇಜಿನ ಮೇಲೆ ಎಸೆದ. ಗುರುವಾಯನಕೆರೆಯ ಆ ಸ್ಟುಡಿಯೋಕ್ಕೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದವರೆಲ್ಲ ತಲೆಯೆತ್ತಿ ನೋಡಿದರು.

ಪದ್ಮಾಕ್ಷಿಯ ಮುಖ ಕೆಂಡವಾಯಿತು. ನಾಲ್ಕು ಜನರ ಎದುರಿಗೆ! ಅದೂ ಇವನ ಬಾಯಿಂದ!

ಬೇರೆ ಯಾರಾದರೂ ಅಂದಿದ್ದರೆ ನುಂಗಿಕೊಳ್ಳುತ್ತಿದ್ದಳು. ಆದರೆ ಎರಡು ವರ್ಷ ಪಕ್ಕದಲ್ಲೇ ನಿಂತು ಕೆಲಸ ಕಲಿಸಿದವನು... ಇವನ ಬೈಕಿನ ಸದ್ದು ಕೇಳಿದರೆ ಅವಳ ಎದೆ ಹಾರುತ್ತಿತ್ತು... ಅಂಥವನೇ!

ಇದು 1999ರ ಮಾತು. ಸ್ಟುಡಿಯೋದ ಧಣಿ ಅಬೂಬಕ್ಕರ್ ಸಾಹೇಬರ ಮಗ ನವಾಝ್ ದುಬೈಯಿಂದ ಉದ್ದದ ಜೂಮ್ ಲೆನ್ಸ್ ಕಳಿಸಿದ್ದ. ಮೂಡುಬಿದಿರೆಯ ಕ್ರೀಡಾಕೂಟಕ್ಕೆ ಪತ್ರಿಕೆಯವರು ಫೋಟೋ ಕೇಳಿದಾಗ ಅದೇ ಲೆನ್ಸ್ ಹಾಕಿಕೊಂಡು ಹಠ ಹಿಡಿದು ಹೋದವಳು ಪದ್ಮಾಕ್ಷಿ. ಹೊರಗಿನ ಕೆಲಸಕ್ಕೆ ಅವಳು ಹೋದದ್ದು ಅದೇ ಮೊದಲು. ಬಂದದ್ದು ಮಾತ್ರ ಎಲ್ಲವೂ ಮಸುಕು!

"ಓಡುವವರು ಬಿಡು, ನಿಂತ ಕಂಬವೂ ಅಲುಗಿದೆ ನೋಡು," ಎಂದ ಶೇಖರ.

"ಬರುವ ಆದಿತ್ಯವಾರ ಫೈನಲ್‌ಗೆ ಶೇಖರನೇ ಹೋಗಲಿ," ಎಂದರು ಸಾಹೇಬರು. "ನೀನು ಕೌಂಟರಲ್ಲಿ ಕೂತರೆ ಸಾಕು ಮಗಾ. ಹೊರಗಿನ ಕೆಲಸ ಇನ್ನು ಬೇಡ."

ಸಾಕಂತೆ! ಬಂಟ್ವಾಳದ ಮನೆಯ ಜಗಲಿಯಲ್ಲಿ ದಿನಕ್ಕೆ ಸಾವಿರ ಬೀಡಿ ಕಟ್ಟಿ ಕಾಲೇಜು ಮುಗಿಸಿದ ಕೈ ಇದು! ನಡುಗುತ್ತದಂತೆ!

ಸಿಟ್ಟಿನಿಂದಲೇ ಅವಳು ಕ್ಯಾಮೆರಾಕ್ಕೆ ಲೆನ್ಸ್ ಹಾಕಿ ರಸ್ತೆಯಾಚೆಯ ಬೋರ್ಡು ನೋಡಿದಳು. ಜೂಮ್ ಎಳೆಯದಿದ್ದಾಗ ಅಕ್ಷರಗಳು ಸುಮ್ಮನಿದ್ದವು. ಪೂರ್ತಿ ಎಳೆದಾಗ ಕುಣಿಯತೊಡಗಿದವು!

ದೂರದ್ದು ದೊಡ್ಡದಾಗಿ ಕಾಣುವಾಗ ಕೈಯ ಸಣ್ಣ ಅಲುಗಾಟವೂ ದೊಡ್ಡದಾಗುತ್ತದಲ್ಲ... ಹಾಗಾದರೆ ಶಟರ್ ಇನ್ನೂ ಬೇಗ ಮುಚ್ಚಬೇಡವೇ?

ಬೆರಳು ಶಟರಿನ ಚಕ್ರಕ್ಕೆ ಹೋಯಿತು. ಅಲ್ಲಿತ್ತು ಕರಿ ಟೇಪು! ಮದುವೆಮನೆಯ ಫ್ಲ್ಯಾಶಿಗೆ ಸ್ಪೀಡು ಅರವತ್ತೇ, ಅಂದರೆ ಸೆಕೆಂಡಿನ ಅರವತ್ತನೇ ಒಂದು ಪಾಲೇ ಇರಬೇಕೆಂದು, ಯಾರೂ ತಿರುಗಿಸದಂತೆ ಅಂಟಿಸಿದ ಟೇಪು. ಅಂಟಿಸಿದ್ದು ಯಾರು? ಈ ಮಹಾರಾಯ ಶೇಖರನೇ!

"ತಗೊಳ್ಳಿ," ಎಂದು ಕ್ಯಾಮೆರಾ ಚಾಚಿದಳು. "ಜೂಮ್ ಪೂರ್ತಿ ಎಳೆದು ಆ ಬೋರ್ಡಿನ ಫೋಟೋ ತೆಗೀರಿ. ಟೇಪು ಮುಟ್ಟಬೇಡಿ."

ಅವನು ನಗುತ್ತಲೇ ಆರು ತೆಗೆದ. ಆಮೇಲೆ ಅವಳು ಟೇಪು ಕಿತ್ತು ಚಕ್ರವನ್ನು ಐನೂರಕ್ಕೆ ತಿರುಗಿಸಿದಳು. ಎಡಗೈಯನ್ನು ಲೆನ್ಸಿನ ಅಡಿಗೆ ಕೊಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು, ಬೀಡಿಗೆ ನೂಲು ಸುತ್ತುವಷ್ಟೇ ಮೆತ್ತಗೆ ಒತ್ತಿದಳು.

ಮಧ್ಯಾಹ್ನ ಪ್ರಿಂಟುಗಳು ಒಣಗಿದವು. ಅವನ ಆರೂ ಮಸುಕು. ಅವಳದರಲ್ಲಿ ಬೋರ್ಡಿನ ಮೊಳೆಯ ತುಕ್ಕೂ ಕಾಣುತ್ತಿತ್ತು!

"ನಿಮ್ಮ ಕೈಗೆ ಏನಾಯ್ತು? ಜ್ವರ ಉಂಟಾ?"

ಶೇಖರನ ಮುಖ ಬಿಳಿಚಿತು. "ಬೈಯುವಾಗ ಟೇಪು ಉಂಟು ಅಂತ ನನಗೆ ನೆನಪೇ ಇರ್ಲಿಲ್ಲ... ನೀನಾದ್ರೂ ಆವತ್ತೇ ತೆಗೀಬಹುದಿತ್ತಲ್ಲ?"

"ಅದನ್ನು ಮುಟ್ಟಿದ್ರೆ ಕೈ ಮುರೀತೇನೆ ಅಂದದ್ದು ಯಾರು?"

ಶೇಖರ ಮೇಜಿನತ್ತ ಬಾಗಿದ. ಪ್ರಿಂಟುಗಳನ್ನು ಎತ್ತಿಕೊಂಡು, ಗಿರಾಕಿಗಳ ಎದುರಲ್ಲೇ ಧಣಿಯ ಮುಂದೆ ನಿಂತ.

"ತಪ್ಪು ನನ್ನದು ಸಾಹೇಬ್ರೇ. ಆದಿತ್ಯವಾರ ಇವಳೇ ಹೋಗ್ಬೇಕು. ನಾನು ಬ್ಯಾಗ್ ಹೊರ್ತೇನೆ."

ಹೊತ್ತ ಕೂಡ!

ಮುಂದಿನ ವಾರ ಪತ್ರಿಕೆಯ ಮೊದಲ ಪುಟದಲ್ಲಿ ಹರ್ಡಲ್ಸ್ ಹಾರುವ ಹುಡುಗಿ. ಗಲ್ಲದ ಬೆವರಹನಿಯೂ ಸ್ಪಷ್ಟ. ಅಡಿಯಲ್ಲಿ "ಚಿತ್ರ: ಪದ್ಮಾಕ್ಷಿ" ಎಂದಿತ್ತು. ಬೆಳ್ತಂಗಡಿಯಿಂದ ಪತ್ರಿಕೆ ತಂದವನು ಶೇಖರನೇ.

ಅವಳ ಕಣ್ಣು ತುಂಬಿತು. ಆದರೂ ಸಿಟ್ಟು ಇಳಿದಿರಲಿಲ್ಲ. "ನಾಲ್ಕು ಜನರ ಎದುರು ಅಂದದ್ದನ್ನು ನಾನು ಮರೆಯುವುದಿಲ್ಲ."

"ಮರೀಬೇಡ. ಬದುಕಿಡೀ ಬೈ. ಆದ್ರೆ... ಪಕ್ಕದಲ್ಲೇ ಇದ್ದು ಬೈ. ನನ್ನನ್ನು ಮದುವೆ ಆಗ್ತೀಯಾ ಪದ್ಮಾ?"

ಅವನ ಕೈಯಲ್ಲಿದ್ದ ಪತ್ರಿಕೆ ಪಟಪಟ ಅಲುಗುತ್ತಿತ್ತು. ಅವಳು ಅದನ್ನೇ ನೋಡಿದಳು.

"ಈಗ ಯಾರ ಕೈ ನಡುಗ್ತಾ ಉಂಟು?"

"ನನ್ನದೇ... ನೀನು ಹಿಡ್ಕೊಂಡ್ರೆ ನಿಲ್ತದೆ."

ಅವಳು ಹಿಡಿದಳು.