ತೂಕಕ್ಕೆ ಸಿಗದ ಧೂಳು

ಬಹಳ ಬಹಳ ಹಿಂದೆ, ಮಸುಕಾವತಿ ಎಂಬ ರಾಜ್ಯದಲ್ಲಿ ನಿಶ್ಚಯವರ್ಮನೆಂಬ ರಾಜನಿದ್ದ. ಹೆಸರಿಟ್ಟವರು ಅವನನ್ನು ತೊಟ್ಟಿಲಲ್ಲಿ ಮಾತ್ರ ನೋಡಿದ್ದರು. ಯಾವುದನ್ನೂ ನಿಶ್ಚಯಿಸಲಾರದ ಆತನಿಗೆ ಒಂದೇ ಒಂದು ಖಚಿತವಾದ ಆಸೆಯಿತ್ತು: ಅರಮನೆಯ ಉಪ್ಪರಿಗೆಯಿಂದ ಎದುರಿನ ಬೆಟ್ಟ ಕಾಣಬೇಕು. ಧೂಳಿನ ದೆಸೆಯಿಂದ ಅದು ಕಾಣುತ್ತಿರಲಿಲ್ಲ.

ಆ ಅರಮನೆಯಲ್ಲಿ ಧೂಳು ತೂಗುವುದಕ್ಕೆಂದೇ ಚಂದವ್ವ ಎಂಬ ಹೆಂಗಸಿದ್ದಳು. ದಿನವೂ ಗೋಪುರದ ಮೇಲೆ ಒದ್ದೆ ಬಟ್ಟೆ ಹರವುವಳು, ಅದರ ಮೇಲೆ ಕೂತ ಧೂಳನ್ನು ಒಣಗಿಸಿ ಕೊಡವುವಳು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುವಳು. "ಇವತ್ತು ಗಾಳಿಯಲ್ಲಿ ಧೂಳು ಎಷ್ಟು?" ಎಂದು ರಾಜ ಕೇಳುವನು. "ಎಂಟು ಗುಲಗಂಜಿ, ಮಹಾಪ್ರಭು" ಎಂದು ಅವಳು ಹೇಳುವಳು. ಎಂಟು ಗುಲಗಂಜಿ ಎಂದರೆ ಹೆಚ್ಚೋ ಕಡಿಮೆಯೋ ಇಬ್ಬರಿಗೂ ಗೊತ್ತಿರಲಿಲ್ಲ. ರಾಜ್ಯ ಚೆನ್ನಾಗಿಯೇ ನಡೆಯುತ್ತಿತ್ತು.

ಹೀಗಿರುವಾಗ ಶುಭ್ರಾಂಗನೆಂಬ ಮಾಂತ್ರಿಕ ಬಂದ. ಅವನ ಹಿಂದೆ ಗಾಳಿನೆಕ್ಕ ಎಂಬ ಪ್ರಾಣಿ ಬಂತು. ಅದರ ಮೈ ಎಮ್ಮೆಯಷ್ಟು, ನಾಲಿಗೆ ಊರಿನಷ್ಟು. ಬೆಳಗಾಗುತ್ತಲೇ ಅದು ನಾಲಿಗೆ ಚಾಚಿ ಆಕಾಶವನ್ನೆಲ್ಲ ನೆಕ್ಕುತ್ತಿತ್ತು. ಮೊದಲ ದಿನ ಎಂಟು ಗುಲಗಂಜಿ ಮೂರಾಯಿತು, ಮರುದಿನ ಒಂದಾಯಿತು, ಮೂರನೆಯ ದಿನ ತಕ್ಕಡಿ ಅಲುಗಲೇ ಇಲ್ಲ. ಬೆಟ್ಟ ಕಂಡಿತು. ರಾಜ ಅದನ್ನು ನೋಡಿ, ತಾನು ಅಂದುಕೊಂಡದ್ದಕ್ಕಿಂತ ಚಿಕ್ಕದು ಎಂದ.

ಆದರೆ ನಡುಹಗಲಾಗುವಷ್ಟರಲ್ಲಿ ಆಕಾಶಕ್ಕೆ ಮಜ್ಜಿಗೆ ಚೆಲ್ಲಿದ ಹಾಗಾಗಿ ಬೆಟ್ಟ ಮತ್ತೆ ಮರೆಯಾಯಿತು. ದಿನವೂ ಹೀಗೇ. ಬೆಳಗ್ಗೆ ನೆಕ್ಕಿದಷ್ಟೂ ನಡುಹಗಲಿಗೆ ಮಸುಕು ಹೆಚ್ಚು. ಚಂದವ್ವ ತೂಗಿ ನೋಡಿದರೆ ಧೂಳು ಇಲ್ಲ. ಕಣ್ಣೆತ್ತಿ ನೋಡಿದರೆ ಬೆಟ್ಟ ಇಲ್ಲ.

ಯಾರೋ ಮಾಟ ಮಾಡಿ ಧೂಳು ಹುಟ್ಟಿಸುತ್ತಿದ್ದಾರೆ ಎಂದು ಶುಭ್ರಾಂಗ ಹೇಳಿದ. ಅವನ ಬಳಿ ಅದಕ್ಕೊಂದು ಮಂತ್ರವಿತ್ತು. "ಧೂಳು ಹುಟ್ಟಿಸಿದ ಇಂಥವನು ಒರಳುಕಲ್ಲಾಗಲಿ" ಎಂದು ಹೆಸರು ಹಿಡಿದು ಹೇಳಿದರೆ ಆ ಮನುಷ್ಯ ಒರಳುಕಲ್ಲಾಗುತ್ತಿದ್ದ. ಮೊದಲು ಕಮ್ಮಾರ ಒರಳಾದ. ಆಮೇಲೆ ಬಟ್ಟೆ ಒಗೆಯುವ ಲಚ್ಚವ್ವ. ಆಮೇಲೆ ಸುಣ್ಣ ಸುಡುವ ಸಿದ್ದ. ಮಸುಕು ಹಾಗೇ ಇತ್ತು, ಅರಮನೆಯ ಅಡುಗೆಮನೆಗೆ ಮೂರು ಒರಳು ಬಂದವು. ನಾಲ್ಕನೆಯವನಾಗಿ ಮಡಕೆ ಮಾಡುವ ಮುದ್ದಯ್ಯನನ್ನು ಹಿಡಿದು ಅಂಗಳದ ಕಂಬಕ್ಕೆ ಕಟ್ಟಿದರು. ಮುದ್ದಯ್ಯ ಚಂದವ್ವನ ಗಂಡ.

ಚಂದವ್ವ ರಾಜನ ಕಾಲಿಗೆ ಬಿದ್ದಳು. ರಾಜ ಮಾಂತ್ರಿಕನ ಮುಖ ನೋಡಿದ, ಚಂದವ್ವನ ಮುಖ ನೋಡಿದ, ಯಾರ ಮಾತು ನಿಜವೋ ತಿಳಿಯದೆ ಮೂರು ದಿನದ ಗಡುವು ಕೊಟ್ಟ. ಅಷ್ಟರೊಳಗೆ ಧೂಳು ಹುಟ್ಟಿಸುವವರನ್ನು ತೋರಿಸಿದರೆ ಮುದ್ದಯ್ಯ ಮನುಷ್ಯ, ಇಲ್ಲದಿದ್ದರೆ ಕಲ್ಲು.

ಮೊದಲನೆಯ ದಿನ ಅವಳು ತಕ್ಕಡಿ ಹಿಡಿದುಕೊಂಡು ಬೆಟ್ಟದ ಗವಿಯಲ್ಲಿದ್ದ ಹೊಗೆಹುಲಿಯ ಹತ್ತಿರ ಹೋದಳು. "ನಡುಹಗಲಿನ ಧೂಳು ಹುಟ್ಟಿಸುವವನು ನೀನೇ ಏನು?" ಎಂದು ಕೇಳಿದಳು. ಹುಲಿ ಕೆಮ್ಮಿತು. ಕೆಮ್ಮಿದ್ದನ್ನು ತೂಗು ಎಂದಿತು. ತೂಗಿದರೆ ತಟ್ಟೆ ನೆಲ ಮುಟ್ಟಿತು. ತನ್ನ ಹೊಗೆಗೆ ತೂಕವಿದೆ, ನೆಕ್ಕಿದರೆ ಹೋಗುತ್ತದೆ, ನೀನು ಹುಡುಕುವುದು ಇದಲ್ಲ ಎಂದು ಹುಲಿ ಸ್ವಲ್ಪ ಬೇಜಾರಿನಿಂದಲೇ ಹೇಳಿತು.

ಎರಡನೆಯ ದಿನ ಅವಳು ಕಡಲ ದಂಡೆಯಲ್ಲಿದ್ದ ಉಪ್ಪಿನಜ್ಜಿಯ ಹತ್ತಿರ ಹೋಗಿ ಅದನ್ನೇ ಕೇಳಿದಳು. ಅಜ್ಜಿ ಸೆರಗು ಕೊಡವಿದಳು. ತೂಗಿದರೆ ತಟ್ಟೆ ಮತ್ತೆ ನೆಲ ಮುಟ್ಟಿತು. "ನನ್ನ ಮಕ್ಕಳು ಹುಟ್ಟುವಾಗಲೇ ದಪ್ಪ ಕಣೇ. ತೂಕವಿಲ್ಲದ ಕೂಸು ನಮ್ಮ ವಂಶದಲ್ಲೇ ಇಲ್ಲ" ಎಂದು ಅಜ್ಜಿ ಹೆಮ್ಮೆಪಟ್ಟಳು. ಚಂದವ್ವನಿಗೆ ಹೆಮ್ಮೆಪಡುವಂಥದ್ದು ಏನೂ ಸಿಗಲಿಲ್ಲ.

ಮೂರನೆಯ ದಿನ ಅವಳು ಕಾಡಿನ ಧೂಪದ ಮರದ ಬುಡದಲ್ಲಿ ನಿಂತು ಕೇಳಿದಳು. ಮರಕ್ಕೆ ಮಾತು ಬರುತ್ತಿತ್ತು. ಅವಳಿಗೆ ಆಶ್ಚರ್ಯಪಡುವಷ್ಟು ಪುರುಸೊತ್ತಿರಲಿಲ್ಲ.

"ನಾನು ಗಂಧ ಬಿಡುತ್ತೇನೆ ತಾಯಿ, ಧೂಳು ಬಿಡುವುದಿಲ್ಲ" ಎಂದಿತು ಮರ.

"ಹಾಗಾದರೆ ಧೂಳು ಎಲ್ಲಿಂದ ಬರುತ್ತದೆ?"

"ಬಿಸಿಲು ನನ್ನ ಗಂಧವನ್ನು ಬೇಯಿಸುತ್ತದೆ. ಬೆಂದ ಗಂಧಕ್ಕೆ ಕೂರಲು ಜಾಗ ಬೇಕು. ಮೊದಲೆಲ್ಲ ಹಳೆ ಧೂಳಿನ ಮೇಲೆ ಕೂರುತ್ತಿತ್ತು, ಜಗಲಿಯ ಮೇಲೆ ನೆಂಟರು ಕೂತ ಹಾಗೆ. ಈಗ ನಿಮ್ಮವರು ಜಗಲಿಯನ್ನೇ ನೆಕ್ಕಿ ತೆಗೆದಿದ್ದಾರೆ. ನೆಂಟರು ಏನು ಮಾಡಬೇಕು? ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಗುಂಪಾಗುತ್ತಾರೆ. ಆ ಗುಂಪೇ ಹೊಸ ಧೂಳು. ಹುಟ್ಟಿದಾಗ ಏನೂ ಇಲ್ಲದಷ್ಟು ಸಣ್ಣದು. ಗಂಧ ತಿಂದು ತಿಂದು ನಡುಹಗಲಿಗೆ ಬೆಟ್ಟ ಮುಚ್ಚುವಷ್ಟಾಗುತ್ತದೆ."

ಚಂದವ್ವ ಇದನ್ನು ಎರಡು ಸಲ ಹೇಳಿಸಿಕೊಂಡಳು. ಗಾಳಿ ಕೊಳೆಯಾಗಿದ್ದರೆ ಧೂಳು ಹುಟ್ಟುವುದಿಲ್ಲ, ಚೊಕ್ಕಟವಾಗಿದ್ದರೆ ಹುಟ್ಟುತ್ತದೆ. ಎರಡನೆಯ ಸಲ ಇನ್ನೂ ಗೊಂದಲವಾಯಿತು. ತೂಕವೇ ಇಲ್ಲದ್ದನ್ನು ರಾಜನಿಗೆ ಹೇಗೆ ತೋರಿಸಲಿ ಎಂದು ಕೇಳಿದಳು. ಮರ ತನ್ನ ಪೊಟರೆಯಿಂದ ಒಂದು ಹಬೆಗಡಿಗೆ ಕೊಟ್ಟಿತು. ಕಣ್ಣಿಗೆ ಕಾಣದ ಕಣ ಅದರೊಳಗೆ ಹೋದರೆ ಹಬೆಯ ಅಂಗಿ ತೊಟ್ಟು, ಹನಿಯಾಗಿ ಟಣ್ಣೆಂದು ಹೊರಗೆ ಬೀಳುತ್ತಿತ್ತು. ಒಂದು ಕಣಕ್ಕೆ ಒಂದು ಹನಿ.

ಗಡುವು ಮುಗಿದ ಮರುದಿನ ಬೆಳಗ್ಗೆ ಸಭೆ ಸೇರಿತು. ಗಾಳಿನೆಕ್ಕ ನಾಲಿಗೆ ಚಾಚುವ ಮೊದಲು ಚಂದವ್ವ ಗಡಿಗೆ ಇಟ್ಟಳು. ಹನಿಗಳು ಬಿಡಿಬಿಡಿಯಾಗಿ ಬಿದ್ದವು, ನೂರಕ್ಕೆ ನಿಂತವು. ಗಾಳಿನೆಕ್ಕ ಆಕಾಶ ನೆಕ್ಕಿತು. ಬಿಸಿಲೇರಿತು. ಗಡಿಗೆಯಿಂದ ಹನಿಗಳು ಹುರಿಯುವ ಕಡಲೆ ಸಿಡಿದ ಹಾಗೆ ಬೀಳತೊಡಗಿದವು. ಕರಣಿಕರು ಒಂಬತ್ತು ಸಾವಿರದವರೆಗೆ ಎಣಿಸಿ ಕೂತುಬಿಟ್ಟರು. ತಕ್ಕಡಿ ಮಾತ್ರ ಅಲುಗಲಿಲ್ಲ.

"ಒಟ್ಟಿನಲ್ಲಿ ಧೂಳು ಎಷ್ಟು?" ಎಂದ ರಾಜ.

"ತೂಗಿದರೆ ಏನೂ ಇಲ್ಲ, ಮಹಾಪ್ರಭು. ಎಣಿಸಿದರೆ ಲೆಕ್ಕಕ್ಕೇ ಸಿಗುವುದಿಲ್ಲ."

"ನಾನು ಕೇಳಿದ್ದು ಎಷ್ಟು ಅಂತ."

"ನಾನು ಹೇಳಿದ್ದೂ ಅದೇ. ನಮ್ಮ ಭಾಷೆಯಲ್ಲಿ ತೂಕಕ್ಕೂ ಎಷ್ಟು, ಎಣಿಕೆಗೂ ಎಷ್ಟು. ಇಷ್ಟು ದಿನ ತಾವು ಒಂದನ್ನು ಕೇಳಿದಿರಿ, ನಾನು ಇನ್ನೊಂದನ್ನು ಹೇಳಿದೆ."

ರಾಜ ಮಂತ್ರಿಯನ್ನು ನೋಡಿದ. ಮಂತ್ರಿ ಅರ್ಥವಾದವನಂತೆ ತಲೆಯಾಡಿಸಿದ. ಬೆಳಗ್ಗೆ ನೆಕ್ಕುವುದರಿಂದಲೇ ನಡುಹಗಲಿನ ಮಸುಕು ಹುಟ್ಟುತ್ತದೆ ಎಂದು ಚಂದವ್ವ ಬಿಡಿಸಿ ಹೇಳಿದಳು. ಗುಡಿಸಿದರೆ ಕಸ ಹುಟ್ಟುವುದು ಯಾವ ಊರಿನಲ್ಲಿ ಎಂದು ಶುಭ್ರಾಂಗ ನಕ್ಕ. ಸಭೆಯೂ ನಕ್ಕಿತು. ಅವಳಿಗೇ ಒಂದು ಕ್ಷಣ ಅವನ ಮಾತು ಸರಿ ಎನ್ನಿಸಿತು. ಕಂಬದ ಬಳಿ ಮುದ್ದಯ್ಯ ಏನೂ ತಿಳಿಯದೆ ಅವಳನ್ನೇ ನೋಡುತ್ತಿದ್ದ.

"ಇವರ ಮಂತ್ರ ಸತ್ಯವಾದದ್ದೇ ಇರಬಹುದು" ಎಂದಳು ಚಂದವ್ವ. "ಹೆಸರು ಹಿಡಿಯದೆ ಹೇಳಲಿ. ಧೂಳು ಹುಟ್ಟಿಸಿದವರು ಒರಳುಕಲ್ಲಾಗಲಿ ಅನ್ನಲಿ, ಅಷ್ಟೇ."

ಹೆಸರಿಲ್ಲದಿದ್ದರೆ ಮಂತ್ರಕ್ಕೆ ದಾರಿ ತಿಳಿಯದು ಎಂದು ಶುಭ್ರಾಂಗ ತಡವರಿಸಿದ. ರಾಜನಿಗೆ ಮಾತ್ರ ಸಲಹೆ ಬಹಳ ಹಿಡಿಸಿತು. ಯಾರ ಹೆಸರನ್ನೂ ನಿಶ್ಚಯಿಸಬೇಕಾಗಿಲ್ಲದ ತೀರ್ಪು ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಹೇಳು ಎಂದು ಆಜ್ಞೆ ಮಾಡಿದ.

ಮಾಂತ್ರಿಕ ಹೇಳಿದ. ಮಂತ್ರ ನೀಲಿ ಬೆಳಕಾಗಿ ಮೇಲೆದ್ದಿತು. ಕಾಡಿನ ಕಡೆ ಹೋಯಿತು, ಮರ ಬಿಟ್ಟದ್ದು ಗಂಧ ಮಾತ್ರ ಎಂದು ತಿರುಗಿತು. ಸೂರ್ಯನ ಕಡೆ ಹೋಯಿತು, ಅವನು ಬೇಯಿಸಿದ್ದು ಮಾತ್ರ ಎಂದು ತಿರುಗಿತು. ಗಾಳಿನೆಕ್ಕನ ಮುಂದೆ ಸ್ವಲ್ಪ ಹೊತ್ತು ನಿಂತಿತು. ಯಜಮಾನ ಹೇಳಿದ್ದನ್ನು ಮಾಡಿದ ಪ್ರಾಣಿ ಎಂದು ಅಲ್ಲಿಂದಲೂ ತಿರುಗಿತು. ಮುದ್ದಯ್ಯನನ್ನು ಸವರಿಕೊಂಡು ಹೋದಾಗ ಚಂದವ್ವ ಕಣ್ಣು ಮುಚ್ಚಿಕೊಂಡಳು. ಕೊನೆಗೆ ಮಂತ್ರವು ಹೇಳಿದವನ ನೆತ್ತಿಯ ಮೇಲೆಯೇ ಇಳಿಯಿತು. ಶುಭ್ರಾಂಗನಿದ್ದ ಜಾಗದಲ್ಲಿ ಒಂದು ಒರಳುಕಲ್ಲಿತ್ತು. ಕಲ್ಲು ಒಳ್ಳೆಯ ಜಾತಿಯದು.

ಅದೇ ಗಳಿಗೆಯಲ್ಲಿ ಅಡುಗೆಮನೆಯ ಮೂರು ಒರಳುಗಳೂ ಮನುಷ್ಯರಾಗಿ ಎದ್ದು ಬಂದವು. ತನ್ನಲ್ಲಿ ಮೆಣಸಿನಕಾಯಿ ಅರೆದವರು ಯಾರು ಎಂದು ಸಿದ್ದ ಕೇಳಿದ. ಅಡುಗೆಯವರು ಆಕಾಶ ನೋಡಿದರು. ಗಾಳಿನೆಕ್ಕನಿಗೆ ವಾರಕ್ಕೊಮ್ಮೆ, ಅದೂ ಮೇಲುಮೇಲೆ ನೆಕ್ಕುವ ಅಪ್ಪಣೆಯಾಯಿತು.

ಹಗ್ಗ ಬಿಚ್ಚಿಸಿಕೊಂಡ ಮುದ್ದಯ್ಯ ಹೆಂಡತಿಯ ಜೊತೆ ಮನೆಗೆ ನಡೆದ. ಅರ್ಧ ದಾರಿಯಲ್ಲಿ, "ಹಾಗಾದ್ರೆ ನಾನು ಮಡಕೆ ಸುಡುವಾಗ ಏಳೋ ಹೊಗೆ ಒಳ್ಳೇದೋ ಕೆಟ್ಟದ್ದೋ?" ಎಂದು ಕೇಳಿದ.

ಚಂದವ್ವ ಮನೆಯ ಬಾಗಿಲವರೆಗೂ ಯೋಚಿಸಿದಳು. "ನಂಗೂ ಗೊತ್ತಾಗ್ಲಿಲ್ಲ ಕಣ್ರೀ. ಕೈಕಾಲು ತೊಳ್ಕೊಂಡು ಬನ್ನಿ, ಊಟ ಮಾಡೋಣ."

ಅವರು ಊಟ ಮಾಡಿದರು. ಮಸುಕಾವತಿಯಲ್ಲಿ ಆಮೇಲೆ ಯಾರೂ ಕಲ್ಲಾಗಲಿಲ್ಲ, ಮಳೆ ಬೆಳೆಗೆ ಕೊರತೆಯಾಗಲಿಲ್ಲ, ಎಲ್ಲರೂ ತಮಗೆ ಅರ್ಥವಾದಷ್ಟರಲ್ಲಿ ಸುಖವಾಗಿ ಬಾಳಿದರು.